ಮುತ್ತಿಗೆ ನಾಣ್ಯಗಳು

ವೈರಿ ಸೇನೆ ಸುತ್ತುವರಿದ ಕೋಟೆ ಅಥವಾ ಪಟ್ಟಣದಲ್ಲಿ ಸೈನಿಕರ ಸಂಬಳಕ್ಕೆ ಹಣ ಸಾಲದಾದಾಗ ಅಲ್ಲಿಯೇ ಟಂಕಿಸಿದ ತುರ್ತು ನಾಣ್ಯಗಳು. ಸ್ಪೇನಿನ ಪಡೆ ಮುತ್ತಿದ್ದ ಲೈಡನ್‌ನಲ್ಲಿ 1574ರಲ್ಲಿ ಚರ್ಚಿನ ಪುಸ್ತಕಗಳ ಹಾಳೆಗಳನ್ನೇ ಅಂಟಿಸಿ, ಒತ್ತಿ, ಕಾಗದದ ನಾಣ್ಯ ಮಾಡಿದ್ದುಂಟು. ಆದರೆ ಅಸಲಿ ಯಾವುದು, ನಕಲಿ ಯಾವುದು ಎಂಬ ತಕರಾರು ಹೆಚ್ಚಾಗಿ ಎದ್ದಿರುವುದು ಇಂಗ್ಲೆಂಡಿನ ಅಂತರ್ಯುದ್ಧದ (1642–1651) ಬೆಳ್ಳಿ ತುಣುಕುಗಳ ಬಗ್ಗೆ.

ಇವುಗಳಲ್ಲಿ ನ್ಯೂಅರ್ಕ್‌ನವು ಪ್ರಸಿದ್ಧ. ದೊರೆ ಒಂದನೆಯ ಚಾರ್ಲ್ಸ್‌ನ ಪಕ್ಷದಲ್ಲಿದ್ದ ಈ ಪಟ್ಟಣ ಮೂರನೆಯ ಮುತ್ತಿಗೆಯಲ್ಲಿ 1645ರ ನವೆಂಬರಿನಿಂದ 1646ರ ಮೇವರೆಗೆ ಸಿಕ್ಕಿಬಿದ್ದಿತ್ತು. ಮನೆಗಳ ಬೆಳ್ಳಿ ತಟ್ಟೆ, ಪಾತ್ರೆಗಳನ್ನು ತಗಡು ಮಾಡಿ, ಶಂಕರಪೋಳಿಯಂತೆ ಓರೆಯಾಗಿ ಕತ್ತರಿಸಿ, ಅಚ್ಚು ಹೊಡೆದರು. ಹೀಗೆ ಕತ್ತರಿಸಿದರೆ ಬೆಳ್ಳಿ ಪೋಲಾಗುವುದಿಲ್ಲ. ಒಂದು ಮುಖದಲ್ಲಿ ಕಿರೀಟ, ದೊರೆಯ ಹೆಸರಿನ ಮೊದಲಕ್ಷರ, ರೋಮನ್ ಅಂಕಿಯಲ್ಲಿ 30, 12, 9 ಅಥವಾ 6 ಪೆನ್ಸ್ ಬೆಲೆ. ಇನ್ನೊಂದರಲ್ಲಿ ಊರಿನ ಹೆಸರು, ಇಸವಿ. ಕೆಲವು ತುಣುಕುಗಳಲ್ಲಿ ಹಳೆಯ ಪಾತ್ರೆಯ ಚಿನ್ನದ ಲೇಪ, ಕೆತ್ತನೆ, ಬೆಳ್ಳಿಯ ಮುದ್ರೆಗಳ ಗುರುತು ಇನ್ನೂ ಅಳಿಸಿಲ್ಲ. ಪಾಂಟಿಫ್ರಾಕ್ಟ್ ಕೋಟೆಯಲ್ಲಿದ್ದ ದೊರೆಯ ಪಡೆಯಂತೂ 1649ರ ಜನವರಿಯಲ್ಲಿ ದೊರೆಯ ತಲೆ ಕಡಿದ ಮೇಲೂ ಶರಣಾಗದೆ, ಮಗ ಎರಡನೆಯ ಚಾರ್ಲ್ಸ್‌ನ ಹೆಸರಿನಲ್ಲಿ ನಾಣ್ಯ ಹೊಡೆಯಿತು.

ಇವುಗಳ ಒರಟುತನವೇ ಮುಂದೆ ಖೋಟಾ ಮಾಡುವವರಿಗೆ ಅನುಕೂಲವಾಯಿತು. ಟಂಕಸಾಲೆಯ ಅಚ್ಚುಕಟ್ಟಿಲ್ಲದ ವಸ್ತುವಿನಲ್ಲಿ ತಪ್ಪು ಹುಡುಕುವುದು ಹೇಗೆ? ನ್ಯೂಅರ್ಕ್‌ನ ನಾಣ್ಯಗಳಿಗೆ ಉತ್ತರವಿದೆ: ಒಂದೇ ಅಚ್ಚಿನಿಂದ ಬಂದ ಹಲವು ಪ್ರತಿಗಳು ಉಳಿದಿರುವುದರಿಂದ ಅಕ್ಷರದ ಒಂದೊಂದು ಗೆರೆಯನ್ನೂ ಹೋಲಿಸಿ ನೋಡಬಹುದು. ಎರಕ ಹೊಯ್ದ ನಕಲಿನಲ್ಲಿ ಗೆರೆಗಳು ಮೊಂಡಾಗಿರುತ್ತವೆ, ಮೈಮೇಲೆ ಗಾಳಿಗುಳ್ಳೆಯ ಸಣ್ಣ ಕುಳಿಗಳಿರುತ್ತವೆ, ಅಂಚಿನಲ್ಲಿ ಎರಕದಚ್ಚಿನ ಎರಡು ಭಾಗ ಕೂಡಿದ ಗೆರೆಯೂ ಕಾಣಬಹುದು.

1645ರಲ್ಲಿ ಶರಣಾದ ಸ್ಕಾರ್ಬರೋ ಕೋಟೆಯ ಕಥೆ ಬೇರೆ. ಅಲ್ಲಿ ಬೆಳ್ಳಿಯನ್ನು ಸಿಕ್ಕ ಆಕಾರದಲ್ಲೇ ತುಂಡರಿಸಿ, ಕೋಟೆಯ ಚಿತ್ರ ಒತ್ತಿ, ತೂಕಕ್ಕೆ ತಕ್ಕಂತೆ ಚಿತ್ರವಿಚಿತ್ರ ಬೆಲೆ ಕೆತ್ತಿದರು. ಒಂದರಂತೆ ಇನ್ನೊಂದಿಲ್ಲ, ಹೋಲಿಕೆಯ ಪರೀಕ್ಷೆ ಇಲ್ಲಿ ಹೆಚ್ಚು ದೂರ ಸಾಗದು. ನಂಬಿಕೆ ಹುಸಿಯಾದ ಉದಾಹರಣೆಯೂ ಇದೆ: ಇದೇ ಯುದ್ಧದಲ್ಲಿ ಕಾಲ್ಚೆಸ್ಟರ್‌ನ 1648ರ ಮುತ್ತಿಗೆಯದೆಂದು ಹೇಳುತ್ತ ಬಂದ 10 ಷಿಲಿಂಗಿನ ಚಿನ್ನದ ತುಣುಕುಗಳನ್ನು ಈಗ ನಂತರದ ಸೃಷ್ಟಿಯೆಂದೇ ಪರಿಗಣಿಸಲಾಗುತ್ತದೆ. ಆದ್ದರಿಂದ ಹಳೆಯ ಸಂಗ್ರಹಗಳ ದಾಖಲೆಯ ಬೆಂಬಲವಿಲ್ಲದ ಸ್ಕಾರ್ಬರೋ ತುಣುಕನ್ನು ಅಸಲಿ ಎಂದು ಒಪ್ಪದಿರುವುದೇ ಸರಿ.