ಬಂಧುಮಿತ್ರರ ಹೂಡಿಕೆ ನಿರ್ವಹಣೆ

ಬಂಧುಮಿತ್ರರ ಹೂಡಿಕೆ ನಿರ್ವಹಣೆ: ನೆಂಟರಿಷ್ಟರ ಹಣವನ್ನು ಅವರ ಪರವಾಗಿ ಷೇರು, ಮ್ಯೂಚುವಲ್ ಫಂಡ್, ಠೇವಣಿ, ಚೀಟಿ ಮೊದಲಾದವುಗಳಲ್ಲಿ ತೊಡಗಿಸುವ ಕೆಲಸ, ಅದಕ್ಕೆ ಅನ್ವಯಿಸುವ ಪರವಾನಗಿ ನಿಯಮಗಳು. ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳಲ್ಲಿ ಅಡಿಕೆಯ ಆದಾಯವೂ ಗಲ್ಫ್ ದುಡಿಮೆಯ ಉಳಿತಾಯವೂ ಮನೆಯ ಒಬ್ಬರ ಕೈಗೆ ಬರುವುದುಂಟು. ಪರವಾನಗಿಯ ಪ್ರಶ್ನೆ ಏಳುವುದು ಆ ಒಬ್ಬರು ಪ್ರತಿಫಲ ಪಡೆದಾಗ, ಕರಾರು ಮಾಡಿಕೊಂಡಾಗ, ಇಲ್ಲವೆ ಹಲವರ ಹಣ ಒಟ್ಟುಗೂಡಿಸಿದಾಗ.

ಹಿನ್ನೆಲೆ: ತಾಯಿಯ ಕಡೆಯಿಂದ ವಂಶ ಎಣಿಸುವ ತುಳುನಾಡಿನ ಅಳಿಯಸಂತಾನ ಕಟ್ಟಿನಲ್ಲಿ ಕುಟುಂಬದ ಸೊತ್ತನ್ನು ಯಜಮಾನ ಅಥವಾ ಯಜಮಾನ್ತಿ ನೋಡಿಕೊಳ್ಳುತ್ತಿದ್ದರು. 1949ರ ಮದರಾಸು ಅಳಿಯಸಂತಾನ ಕಾಯಿದೆ ಈ ಪದ್ಧತಿಯನ್ನು ನಿಯಮಕ್ಕೆ ಒಳಪಡಿಸಿತು. ಇಂದು ಹಿಂದೂ ಅವಿಭಕ್ತ ಕುಟುಂಬದ ಮುಖ್ಯಸ್ಥನಾದ ಕರ್ತನಿಗೆ ಮನೆಯ ಹಣ ಹೂಡಲು ಪರವಾನಗಿ ಬೇಡ.

ಷೇರುಪೇಟೆ: ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಗೆ ಸಂಬಂಧಿಸಿದ 1992ರ ಸೆಬಿ ಕಾಯಿದೆಯ 12ನೆಯ ಪ್ರಕರಣದಂತೆ ಹೂಡಿಕೆ ಸಲಹೆಗಾರರೂ ಪೋರ್ಟ್‌ಫೋಲಿಯೊ ನಿರ್ವಾಹಕರೂ ನೋಂದಾಯಿಸಿಕೊಳ್ಳಬೇಕು. 2013ರ ಸಲಹೆಗಾರರ ನಿಯಮಾವಳಿ ಪ್ರತಿಫಲ ಪಡೆದು ಸಲಹೆ ಕೊಡುವವರಿಗೆ ಅನ್ವಯಿಸುತ್ತದೆ. ತಂಗಿಗೆ ಸುಮ್ಮನೆ ಹೇಳಿದ ಮಾತು ಅದರ ಹೊರಗೆ. ಬೇರೆಯವರ ಹಣವನ್ನು ಕರಾರಿನ ಮೇಲೆ ತಾನೇ ನಿರ್ವಹಿಸುವ ಕೆಲಸಕ್ಕೆ 2020ರ ಪೋರ್ಟ್‌ಫೋಲಿಯೊ ನಿರ್ವಾಹಕರ ನಿಯಮಾವಳಿಯಿದೆ. ಅದರಡಿ ನೋಂದಣಿ ಸಿಗುವುದು ನಿಗಮಿತ ಸಂಸ್ಥೆಗೆ ಮಾತ್ರ. ಸಂಸ್ಥೆಯ ನಿವ್ವಳ ಸಂಪತ್ತು ಕನಿಷ್ಠ 5 ಕೋಟಿ ರೂ., ಗ್ರಾಹಕನ ಹೂಡಿಕೆ ಕನಿಷ್ಠ 50 ಲಕ್ಷ ರೂ. ಇರಬೇಕು. ಆದ್ದರಿಂದ ಗೆಳೆಯರ ಖಾತೆಯಲ್ಲಿ ವಹಿವಾಟು ನಡೆಸಿ ಲಾಭದ ಪಾಲು ಪಡೆಯುವ ವ್ಯಕ್ತಿಗೆ ಈ ನೋಂದಣಿಯ ದಾರಿಯೇ ಇಲ್ಲ. ಸೆಬಿ ಕಾಯಿದೆಯ ಉಲ್ಲಂಘನೆಗೆ 10 ವರ್ಷದವರೆಗೆ ಸೆರೆ, 25 ಕೋಟಿ ರೂ.ವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಮ್ಯೂಚುವಲ್ ಫಂಡ್ ಮಾರುವ ಏಜೆಂಟರು ಎನ್‌ಐಎಸ್‌ಎಂ ಪರೀಕ್ಷೆ ಪಾಸಾಗಿ ಫಂಡ್ ಸಂಸ್ಥೆಗಳ ಸಂಘವಾದ ಆಂಫಿಯಿಂದ ಎಆರ್‌ಎನ್ ಸಂಖ್ಯೆ ಪಡೆಯಬೇಕು.

ಪರದೇಶದ ಹಣ: ಅನಿವಾಸಿಯ ಎನ್‌ಆರ್‌ಇ ಖಾತೆಯನ್ನು ಊರಿನಲ್ಲಿರುವ ಸಂಬಂಧಿ ಅಧಿಕಾರಪತ್ರದ ಮೂಲಕ ನಡೆಸಬಹುದು. ಸ್ಥಳೀಯ ಪಾವತಿಗೂ ಖಾತೆದಾರನಿಗೆ ಅರ್ಹವಾದ ಹೂಡಿಕೆಗೂ ಅವಕಾಶವಿದೆ. ಅಧಿಕಾರಪತ್ರ ಪಡೆದ ಸಂಬಂಧಿ ಆ ಹಣವನ್ನು ಇನ್ನೊಬ್ಬರಿಗೆ ಉಡುಗೊರೆಯಾಗಿ ಕೊಡುವಂತಿಲ್ಲ.

ಚೀಟಿ ಮತ್ತು ಠೇವಣಿ: 1982ರ ಚಿಟ್ ಫಂಡ್ ಕಾಯಿದೆಯ ಪ್ರಕಾರ ಚೀಟಿ ಆರಂಭಿಸುವ ಮೊದಲೇ ಅನುಮತಿ, ನೋಂದಣಿ ಬೇಕು. 2019ರ ತಿದ್ದುಪಡಿ ಚೀಟಿ ನಡೆಸುವವರ ಕಮಿಷನ್ ಮಿತಿಯನ್ನು ಶೇ. 5ರಿಂದ 7ಕ್ಕೆ ಏರಿಸಿತು. ಅದೇ ವರ್ಷದ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯಿದೆ, ವ್ಯಕ್ತಿಯೊಬ್ಬ ತನ್ನ ಸಂಬಂಧಿಕರಿಂದ ಪಡೆದ ಸಾಲವನ್ನು ಠೇವಣಿಯ ವ್ಯಾಖ್ಯೆಯಿಂದ ಬಿಟ್ಟಿದೆ. ಗೆಳೆಯರಿಗೆ ಆ ವಿನಾಯಿತಿ ಇಲ್ಲ. ಬಡ್ಡಿಯ ಆಸೆ ತೋರಿಸಿ ಸ್ನೇಹಿತರಿಂದ ಹಣ ಕೂಡಿಸುವುದನ್ನೇ ವ್ಯವಹಾರ ಮಾಡಿಕೊಂಡರೆ 2ರಿಂದ 7 ವರ್ಷ ಸೆರೆ, 3ರಿಂದ 10 ಲಕ್ಷ ರೂ. ದಂಡ ಆಗಬಹುದು. ಹಣ ಕಳೆದುಕೊಂಡವರ ರಕ್ಷಣೆಗೆ ಕರ್ನಾಟಕದ 2004ರ ಠೇವಣಿದಾರರ ಹಿತರಕ್ಷಣೆ ಕಾಯಿದೆಯೂ ಇದೆ.

ಸ್ವಸಹಾಯ ಸಂಘ: 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಮೊದಲಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಸ್ವಸಹಾಯ ಸಂಘಗಳನ್ನು ಹಳ್ಳಿಹಳ್ಳಿಗೆ ಪರಿಚಯಿಸಿದೆ. ನೋಂದಣಿಯಿಲ್ಲದ ಸ್ವಸಹಾಯ ಸಂಘಕ್ಕೂ ಬ್ಯಾಂಕ್ ಖಾತೆ ತೆರೆಯಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಇಲ್ಲಿ ಉಳಿತಾಯ ಸಂಘದ ಹೆಸರಿನಲ್ಲಿರುತ್ತದೆ, ಲೆಕ್ಕ ಸದಸ್ಯರೆದುರು ಬರೆಯಲ್ಪಡುತ್ತದೆ. ಮನೆಯವರ ಹಣ ನೋಡಿಕೊಳ್ಳುವವರಿಗೂ ಇದು ಒಪ್ಪುವ ಕ್ರಮ: ಹೂಡಿಕೆ ಹಣದ ಒಡೆಯರ ಹೆಸರಿನಲ್ಲೇ ಇರಲಿ, ಪಾಸ್‌ಬುಕ್ ಅವರ ಕೈಯಲ್ಲೇ ಇರಲಿ.