ಮೂರು ಪಟ್ಟಿಯ ಚಿತ್ರ, ವಿಧಾನಸೌಧದ ಗಂಧದ ಬಾಗಿಲು

ತಾಲ್ಲೂಕು ವರದಿಗಾರರಾದ ನಮಗೆ ಪುರಸಭೆ ಸಭೆಗಳ ಒಂದು ಮಾತು ಬಾಯಿಪಾಠವಾಗಿದೆ. ಯಾವುದಾದರೂ ವೃತ್ತಕ್ಕೆ ಕಾರಂಜಿ, ಪ್ರತಿಮೆ, ಅಲಂಕಾರ ಅಂತ ಕಡತ ಬಂದರೆ ಸಾಕು, "ಮೊದಲು ಚರಂಡಿ ಮಾಡ್ಸಿ ಸ್ವಾಮಿ" ಅಂತ ಒಬ್ಬರು ಎದ್ದು ನಿಲ್ಲುತ್ತಾರೆ. ಮರುದಿನದ ತಲೆಬರಹ ಅದೇ. ನಾವೂ ಎಷ್ಟೋ ಸಲ ಹಾಗೇ ಬರೆದು ಕಳಿಸಿದ್ದೇವೆ. ಈ ಜಗಳ ಎಷ್ಟು ಹಳೆಯದು, ಎಲ್ಲೆಲ್ಲಿ ಹೇಗೆ ನಡೆಯಿತು ಎಂದು ಹುಡುಕುತ್ತಾ ಹೋದಾಗ ಮೊದಲು ಸಿಕ್ಕವನು ಕೆನಡಾದ ಒಬ್ಬ ಹಂದಿ ಸಾಕಣೆದಾರ.

ಕೆನಡಾದ ರಾಷ್ಟ್ರೀಯ ಕಲಾ ಗ್ಯಾಲರಿ ಬಾರ್ನೆಟ್ ನ್ಯೂಮನ್ ಎಂಬ ಅಮೆರಿಕದ ಕಲಾವಿದ 1967ರಲ್ಲಿ ಬರೆದ 'ವಾಯ್ಸ್ ಆಫ್ ಫೈರ್' ಚಿತ್ರವನ್ನು ಸುಮಾರು 17.6 ಲಕ್ಷ ಡಾಲರಿಗೆ ಕೊಂಡಿತು. ಅದು ಐದು ಮೀಟರಿಗೂ ಎತ್ತರದ ಬಟ್ಟೆ. ಅದರ ಮೇಲೆ ನೀಲಿ, ಕೆಂಪು, ನೀಲಿ ಎಂದು ಮೂರು ಉದ್ದ ಪಟ್ಟಿಗಳಿವೆ, ಅಷ್ಟೇ. 1990ರಲ್ಲಿ ಬೆಲೆ ಹೊರಬಿದ್ದಾಗ ದೇಶವೇ ಗದ್ದಲವೆದ್ದಿತು. ಸಂಸತ್ತಿನ ಸಂಸ್ಕೃತಿ ಸಮಿತಿಯ ಮುಖ್ಯಸ್ಥ ಫೆಲಿಕ್ಸ್ ಹೋಲ್ಟ್‌ಮನ್ ಹಂದಿ ಸಾಕಿ ಬಂದ ರೈತ. ಎರಡು ಡಬ್ಬಿ ಬಣ್ಣ, ಎರಡು ರೋಲರ್ ಇದ್ದರೆ ಹತ್ತು ನಿಮಿಷದಲ್ಲಿ ಇದನ್ನು ತಾನೇ ಬರೆಯಬಲ್ಲೆ ಎಂದರು. ಇನ್ನೊಬ್ಬರು ಪ್ಲೈವುಡ್ ಮೇಲೆ ಅಂಥದ್ದೇ ಪಟ್ಟಿ ಬಳಿದು 'ತೆರಿಗೆದಾರನ ದನಿ' ಎಂದು ಹೆಸರಿಟ್ಟು ಮಾರಾಟಕ್ಕಿಟ್ಟರು. ಪಟ್ಟಣದವರು ನಕ್ಕಿರಬಹುದು. ನಮಗೆ ಆ ರೈತನ ಮೇಲೆ ನಗು ಬರುವುದಿಲ್ಲ. ಹೋಲ್ಟ್‌ಮನ್ ಕೃಷ್ಣರಾಜನಗರದಲ್ಲಿದ್ದಿದ್ದರೆ ನಾವೇ ಅವರ ಮಾತನ್ನು ಮುಖಪುಟಕ್ಕೆ ಕಳಿಸುತ್ತಿದ್ದೆವು.

ಅರ್ಥವಾಗದ ಚಿತ್ರವಾದ್ದರಿಂದ ಜನ ಸಿಟ್ಟಾದರು ಎಂದು ಕಲಾವಿಮರ್ಶಕರು ಹೇಳುತ್ತಾರೆ. ಹಾಗಾದರೆ ಹಳ್ಳಿಯ ಅಜ್ಜಿಗೂ ಅರ್ಥವಾಗುವಂಥದ್ದನ್ನು ಕಟ್ಟಿದರೆ ಜಗಳ ಬರಬಾರದಲ್ಲ? ವಿಧಾನಸೌಧವನ್ನು ನೋಡಿ.

1951ರ ಜುಲೈ 13ರಂದು ನೆಹರೂ ಅಡಿಗಲ್ಲು ಹಾಕಿದಾಗ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ. ಅವರ ಮನಸ್ಸಿನಲ್ಲಿದ್ದದ್ದು ಸಾದಾ ಕಟ್ಟಡ. ಶಾಸನಸಭೆ ಆಗ ಅಠಾರ ಕಚೇರಿಯಲ್ಲಿ, ಇವತ್ತಿನ ಹೈಕೋರ್ಟಿನಲ್ಲಿ ಸೇರುತ್ತಿತ್ತು. ಜಾಗ ಸಾಲದು ಎಂಬುದಷ್ಟೇ ತಾಪತ್ರಯ. 1952ರಲ್ಲಿ ಕೆಂಗಲ್ ಹನುಮಂತಯ್ಯ ಬಂದರು. ನಕ್ಷೆಯನ್ನೇ ಬದಲಾಯಿಸಿದರು. ನಿಮ್ಮೂರಲ್ಲಿ ಎಲ್ಲವೂ ಯುರೋಪಿನ ಕಟ್ಟಡಗಳೇ, ನಿಮ್ಮದು ಅನ್ನುವ ಶಿಲ್ಪ ಇಲ್ಲವೇ ಎಂದು ರಷ್ಯಾದ ನಿಯೋಗವೊಂದು ಕೇಳಿದ್ದು ಅವರಿಗೆ ನಾಟಿತು ಎಂಬ ಕತೆಯಿದೆ. ಬಿ.ಆರ್. ಮಾಣಿಕಂ ಮೇಲ್ವಿಚಾರಣೆಯಲ್ಲಿ ಗ್ರಾನೈಟ್ ಕಲ್ಲು, ಕೆತ್ತಿದ ಕಂಬ, ಗೋಪುರ ಎದ್ದವು. ಸಾವಿರಾರು ಕೂಲಿಗಳ ಜತೆ ಕೈದಿಗಳೂ ದುಡಿದರು. ಸಚಿವ ಸಂಪುಟದ ಕೋಣೆಗೆ ಗಂಧದ ಮರದ ಬಾಗಿಲು ಬಂತು. 1956ಕ್ಕೆ ಮುಗಿಯುವಾಗ ಖರ್ಚು ಸುಮಾರು 1.8 ಕೋಟಿ ರೂಪಾಯಿ.

ಅಂದಿನ ಮೈಸೂರು ರಾಜ್ಯಕ್ಕೆ ಅದು ಚಿಕ್ಕ ದುಡ್ಡಲ್ಲ. ದುಂದುವೆಚ್ಚ ಎಂದು ಪಕ್ಷದೊಳಗೂ ಹೊರಗೂ ಕೂಗೆದ್ದಿತು. ಖರ್ಚಿನ ಬಗ್ಗೆ ತನಿಖಾ ಸಮಿತಿಯೂ ಬಂತು. 1956ರ ಆಗಸ್ಟಿನಲ್ಲಿ ಹನುಮಂತಯ್ಯ ಅಧಿಕಾರ ಬಿಡಬೇಕಾಯಿತು. ಅದಕ್ಕೆ ಪಕ್ಷದ ಒಳಜಗಳವೂ ಏಕೀಕರಣದ ಲೆಕ್ಕಾಚಾರಗಳೂ ಕಾರಣವಾಗಿದ್ದವು ಎಂಬುದನ್ನು ಮರೆಯುವಂತಿಲ್ಲ. ಆದರೂ ಕಟ್ಟಿಸಿದವರು ಅಲ್ಲಿ ಮುಖ್ಯಮಂತ್ರಿಯಾಗಿ ಕೂತು ಆಳುವ ಭಾಗ್ಯ ಕಾಣಲಿಲ್ಲ. ಅಲ್ಲಿ ಅರ್ಥವಾಗದ್ದು ಏನಿತ್ತು? ಸೋಮನಾಥಪುರ ನೋಡಿದವರಿಗೆ ಕಂಬವೂ ಗೊತ್ತು, ಕೆತ್ತನೆಯೂ ಗೊತ್ತು. ಸಿಟ್ಟು ಇದ್ದದ್ದು ಯಾರ ದುಡ್ಡಲ್ಲಿ, ಯಾರನ್ನು ಕೇಳಿ ಎಂಬುದರ ಮೇಲೆ.

ಅದೇ ವರ್ಷಗಳಲ್ಲಿ ನೆಹರೂ ಚಂಡೀಗಢ ಕಟ್ಟಿಸುತ್ತಿದ್ದರು. ಅಲ್ಲಿ ಲೆ ಕಾರ್ಬೂಸಿಯೆ ಸುಣ್ಣಬಣ್ಣವಿಲ್ಲದ ಕಾಂಕ್ರೀಟು ಎಬ್ಬಿಸಿದರು. ಗಾಳಿಗೆ ತಿರುಗುವ 'ತೆರೆದ ಕೈ' ಎಂಬ ಶಿಲ್ಪವೂ ಬೇಕು ಎಂದು ನೆಹರೂ ಅವರಿಗೆ ಬರೆದರು. ದುಡ್ಡಿನ ಅಡಚಣೆಯಿಂದ ಅದು ನಿಂತುಹೋಯಿತು. ಕಾರ್ಬೂಸಿಯೆ 1965ರಲ್ಲಿ ತೀರಿಕೊಂಡರು. ಕೈ ಎದ್ದು ನಿಂತದ್ದು 1985ರಲ್ಲಿ. ಇಂದು ಅದು ಆ ನಗರದ ಲಾಂಛನ.

ಹಾಗೆಂದು ಕಾಲ ಕಳೆದರೆ ಎಲ್ಲ ಖರ್ಚೂ ಸರಿಹೋಗುತ್ತದೆ ಎಂದು ನಾವು ಒಪ್ಪುವುದಿಲ್ಲ. ವಿಧಾನಸೌಧ ಈಗ ನಮ್ಮ ಹೆಮ್ಮೆ, ನಿಜ. ಆದರೆ 1956ರಲ್ಲಿ ಲೆಕ್ಕ ಕೇಳಿದವನು ಮೂರ್ಖನಾಗಿರಲಿಲ್ಲ. ಅವನಿಗೆ ಶಾಲೆ ಬೇಕಿತ್ತು, ಸೇತುವೆ ಬೇಕಿತ್ತು.

ನಮ್ಮ ಊರಿನದೇ ಕತೆ ನೋಡಿ. ಕಾವೇರಿ ಪ್ರವಾಹಕ್ಕೆ ಸಿಕ್ಕು ನಲುಗಿದ ಹಳೆಯ ಎಡತೊರೆಯನ್ನು ಬಿಟ್ಟು, ನಾಲ್ವಡಿಯವರ ಕಾಲದಲ್ಲಿ ಎತ್ತರದ ಜಾಗದಲ್ಲಿ ಹೊಸ ಊರು ಕಟ್ಟಿ ಕೃಷ್ಣರಾಜನಗರ ಎಂದು ಹೆಸರಿಟ್ಟರು. ಅದೂ ಸರ್ಕಾರದ ದುಡ್ಡೇ, ಅಂದರೆ ರೈತರ ಕಂದಾಯವೇ. ಅಗಲ ರಸ್ತೆ ಯಾಕೆ ಎಂದು ಆಗ ಯಾರಾದರೂ ಗೊಣಗಿದ್ದಾರು. ಇವತ್ತು ಆ ರಸ್ತೆಗಳಲ್ಲಿ ಭತ್ತದ ಗಾಡಿಗಳು ಸಲೀಸಾಗಿ ತಿರುಗುತ್ತವೆ.

ಈಗಿನ ಸಮಸ್ಯೆ ಬೇರೆ. 1999ರ ಸಾರ್ವಜನಿಕ ಸಂಗ್ರಹಣೆಗಳ ಪಾರದರ್ಶಕತೆ ಕಾಯ್ದೆ ಸಿಮೆಂಟು ಮೂಟೆಗೆ ಸರಿ. ಕಡಿಮೆ ಕೂಗಿದವನಿಗೆ ಕೆಲಸ. ಶಿಲ್ಪಕ್ಕೂ ಅದೇ ಲೆಕ್ಕ ಹಿಡಿದರೆ ಬರುವುದು ಎರಡು ಮಳೆಗಾಲಕ್ಕೆ ಬಣ್ಣ ಬಿಡುವ ಫೈಬರ್ ಬೊಂಬೆ. ಟೆಂಡರೇ ಬೇಡ ಎಂದರೆ ಬೇಕಾದವರ ಜೇಬು ತುಂಬುತ್ತದೆ. ಮೈಸೂರಿನ ಕಾವಾ ಕಾಲೇಜಿನಲ್ಲಿ ಕಲಿತು ಬಂದ ಹುಡುಗರಿಗೆ ಈ ಎರಡರ ನಡುವೆ ಜಾಗವೇ ಇಲ್ಲ.

ಆಸ್ಟ್ರೇಲಿಯಾದಲ್ಲಿ ಒಂದು ದಾರಿ ಕಂಡಿತು. 1973ರಲ್ಲಿ ಜಾಕ್ಸನ್ ಪೊಲಾಕ್‌ನ 'ಬ್ಲೂ ಪೋಲ್ಸ್' ಚಿತ್ರದ ಬೆಲೆ 13 ಲಕ್ಷ ಡಾಲರ್. ಗ್ಯಾಲರಿ ನಿರ್ದೇಶಕರ ಮಿತಿ 10 ಲಕ್ಷವಾದ್ದರಿಂದ ಕಡತ ಪ್ರಧಾನಿ ಗಾಫ್ ವಿಟ್ಲಂ ಅವರ ಮೇಜಿಗೆ ಹೋಯಿತು. ಕೊಳ್ಳಿ, ಬೆಲೆಯನ್ನು ಜನರಿಗೆ ತಿಳಿಸಿ ಎಂದು ಅವರು ಅಪ್ಪಣೆ ಕೊಟ್ಟರು. ಬೈಗುಳ ಧಾರಾಳವಾಗಿ ಬಿತ್ತು.

ಮುಂದಿನ ಸಲ ವೃತ್ತದ ಅಲಂಕಾರದ ಕಡತ ಬಂದಾಗ ಚರಂಡಿಯ ತಲೆಬರಹಕ್ಕೆ ಮೊದಲು ಮೂರು ಪ್ರಶ್ನೆ ಕೇಳಿ ಬರುವುದೆಂದು ನಾವು ಗೆಳೆಯರು ಮಾತಾಡಿಕೊಂಡಿದ್ದೇವೆ: ಎಷ್ಟು, ಯಾರು ಆರಿಸಿದರು, ಮಾಡುವವರು ಯಾರು. ಉತ್ತರ ಬಂದರೆ ಇಲ್ಲೇ ಹಾಕುತ್ತೇವೆ.