ಮರಿ ಹಾಕುವ ಓತಿ: ಲಂಕೆಯ ಮಂಜುಕಾಡಿನ ಅಪರೂಪದ ಜೀವಿ

ಓತಿಕ್ಯಾತವೆಂದೊಡನೆ ಬೇಲಿಯ ಮೇಲೆ ಕುಳಿತು ತಲೆಯಾಡಿಸುವ, ಸದ್ದಾದರೆ ಸರ್ರನೆ ಓಡುವ ಪ್ರಾಣಿ ನೆನಪಾಗುತ್ತದೆ. ಶ್ರೀಲಂಕಾದ ಎತ್ತರದ ಬೆಟ್ಟಗಳಲ್ಲಿರುವ ಅದರ ಬಂಧುವೊಂದು ಇದಕ್ಕೆ ತೀರಾ ವ್ಯತಿರಿಕ್ತ. ಬೆರಳುದ್ದದ ದೇಹದ ಈ ಓತಿ, ಪಾಚಿ ಹೊದ್ದ ರೆಂಬೆಗಳನ್ನು ಬಾಲದಿಂದ ಸುತ್ತಿ ಹಿಡಿದು ನಿಧಾನವಾಗಿ ಸಾಗುತ್ತದೆ.

ಕೋಫೋಟಿಸ್ ಎಂಬುದು ಈ ಕುಲದ ವೈಜ್ಞಾನಿಕ ಹೆಸರು. ಜರ್ಮನಿಯ ಪ್ರಾಣಿಶಾಸ್ತ್ರಜ್ಞ ವಿಲ್ಹೆಲ್ಮ್ ಪೀಟರ್ಸ್ 1861ರಲ್ಲಿ ಇದನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದರು. ಅಗಲವಾದ ಒರಟು ಹುರುಪೆಗಳು ಮೈಯನ್ನು ಮುಚ್ಚಿದ್ದು, ಹೊರಗೆ ಕಾಣುವ ಕಿವಿಯಿಲ್ಲ. ಓತಿಗಳ ಕುಟುಂಬದ ಬಹುತೇಕ ಪ್ರಭೇದಗಳು ಮೊಟ್ಟೆಯಿಟ್ಟರೆ, ಇದು ನೇರವಾಗಿ ಮರಿ ಹಾಕುತ್ತದೆ. ಮಣ್ಣು ಸದಾ ತಣ್ಣಗಿರುವ ತಾಣದಲ್ಲಿ ಇದೊಂದು ಅನುಕೂಲ. ಮರಿಗಳು ತಾಯಿಯ ಒಡಲಲ್ಲೇ ಬೆಳೆಯುವುದರಿಂದ, ತಾಯಿ ಬಿಸಿಲು ಕಾಯಿಸಿಕೊಂಡರೆ ಅವುಗಳಿಗೂ ಶಾಖ ದೊರೆಯುತ್ತದೆ.

ಒಂದು ಪ್ರಭೇದವು ಹಾರ್ಟನ್ ಪ್ಲೇನ್ಸ್ ಹಾಗೂ ಸೀತಾ ಎಲಿಯ ಗುಡಿಗೆ ಸಮೀಪದ ಹಕ್ಗಲ ಮುಂತಾದ ಕಾಡುಗಳಲ್ಲಿದೆ. ನಕಲ್ಸ್ ಪರ್ವತಶ್ರೇಣಿಯಲ್ಲಿರುವ ಓತಿ ಬೇರೆಯೇ ಪ್ರಭೇದವೆಂಬುದು 2006ರಲ್ಲಿ ಪ್ರಕಟವಾಯಿತು. ಸಿಂಹಳ ಭಾಷೆಯಲ್ಲಿ ಆ ಶ್ರೇಣಿಗಿರುವ ದುಂಬರ ಎಂಬ ಹೆಸರನ್ನೇ ಅದಕ್ಕೆ ಇಡಲಾಗಿದೆ. ಎರಡೂ ಪ್ರಭೇದಗಳ ನಡುವೆ ಮಹಾವೇಲಿ ನದಿಯ ಕಣಿವೆಯಿದೆ. ತಗ್ಗಿನ ಸೆಕೆಯನ್ನು ದಾಟಿ ಅತ್ತಿತ್ತ ಹೋಗುವುದು ಮಂಜುಕಾಡಿನ ಜೀವಿಗೆ ಸಾಧ್ಯವಿಲ್ಲ.

ಈ ಪ್ರತ್ಯೇಕತೆಯೇ ಇಂದು ಅಪಾಯಕ್ಕೂ ಕಾರಣವಾಗಿದೆ. 19ನೇ ಶತಮಾನದಲ್ಲಿ ಮೊದಲು ಕಾಫಿಗಾಗಿ, ಎಲೆರೋಗದಿಂದ ಕಾಫಿ ನೆಲಕಚ್ಚಿದ ಬಳಿಕ ಚಹಾಕ್ಕಾಗಿ ಬೆಟ್ಟದ ಕಾಡುಗಳನ್ನು ಕಡಿಯಲಾಯಿತು. ನಕಲ್ಸ್‌ನಲ್ಲಿ ಏಲಕ್ಕಿ ಬೆಳೆಯಲು ದೊಡ್ಡ ಮರಗಳನ್ನು ಉಳಿಸಿ ಕೆಳಗಿನ ಗಿಡಗಂಟಿಗಳನ್ನು ಸವರಲಾಯಿತು. ಹೊರನೋಟಕ್ಕೆ ಕಾಡು ಉಳಿದರೂ ಓತಿ ಆಶ್ರಯಿಸುವ ತೆಳುರೆಂಬೆಗಳು ಇಲ್ಲವಾದವು. ಹಾರ್ಟನ್ ಪ್ಲೇನ್ಸ್‌ನಲ್ಲಿ ಮರಗಳು ನಿಂತಲ್ಲೇ ಒಣಗುತ್ತಿರುವುದು ಮತ್ತೊಂದು ಆತಂಕ.

ವಿದೇಶಗಳಲ್ಲಿ ಸಾಕುಪ್ರಾಣಿಯಾಗಿಯೂ ಇವುಗಳಿಗೆ ಬೇಡಿಕೆಯಿದೆ. ಆದ್ದರಿಂದ 2019ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ನಡೆದ ಸೈಟಿಸ್ ಸಮಾವೇಶ ಎರಡೂ ಪ್ರಭೇದಗಳನ್ನು ಮೊದಲ ಅನುಬಂಧಕ್ಕೆ ಸೇರಿಸಿತು. ಕಾಡಿನಿಂದ ಹಿಡಿದು ತಂದ ಓತಿಗಳ ಅಂತಾರಾಷ್ಟ್ರೀಯ ವಾಣಿಜ್ಯ ವ್ಯಾಪಾರಕ್ಕೆ ಇದರಿಂದ ನಿಷೇಧ ಬಿದ್ದಿದೆ.

ಕಳ್ಳಸಾಗಣೆಯನ್ನು ಕಾನೂನು ತಡೆಯಬಹುದು, ಏರುತ್ತಿರುವ ತಾಪಮಾನವನ್ನಲ್ಲ. ಕೆಳಗಿನ ಕಾಡು ಬಿಸಿಯಾದರೆ ಪ್ರಾಣಿಗಳು ಮೇಲಕ್ಕೆ ಸರಿಯುತ್ತವೆ. ನಕಲ್ಸ್ ಶ್ರೇಣಿಯ ಅತಿ ಎತ್ತರದ ಶಿಖರವೇ ಸುಮಾರು 1,900 ಮೀಟರ್. ಅಲ್ಲಿಂದ ಮೇಲೆ ಈ ಓತಿಗೆ ಬೇರೆ ನೆಲೆಯಿಲ್ಲ.